ಮುಕ್ಕಾಂ ನಮ್ಮದು, ಪೋಸ್ಟ್ ಅವರದು

ನಮ್ಮ ಬೆಳಗಾವಿ ಕಡೆ ವಿಳಾಸ ಬರೆಯುವ ರೀತಿ ಎಲ್ಲರಿಗೂ ಗೊತ್ತು. ಹೆಸರು, ಅದರ ಕೆಳಗೆ ಮು. ಪೋ., ಆಮೇಲೆ ತಾ., ಜಿ. ಮುಕ್ಕಾಂ ಪೋಸ್ಟ್ ಎರಡೂ ಒಂದೇ ಆದ ಊರಿನವರು 'ಮು. ಪೋ.' ಅಂತ ಒಟ್ಟಿಗೇ ಬರೆದು ಮುಗಿಸುತ್ತಾರೆ. ನಾವು ಹಾಗೆ ಬರೆಯುವಂತಿಲ್ಲ. ಮುಕ್ಕಾಂ ನಮ್ಮದು, ಪೋಸ್ಟ್ ಇನ್ನೊಬ್ಬರದು. ಅದೂ ಸಾಲದೆ ನಡುವೆ ಮತ್ತೊಂದು ಸಾಲು: 'ಮಾರ್ಫತ್, ಇಂಥವರ ಕಿರಾಣಿ ಅಂಗಡಿ'. ಹುಟ್ಟಿದ ಮನೆಗೆ ಒಂದು ಕಾಗದ ಬರಬೇಕಾದರೂ ಅದು ಇನ್ನೊಬ್ಬನ ಹೆಸರು ಹೊತ್ತುಕೊಂಡೇ ಬರಬೇಕು. ತಿಳಿದವರು ಇದನ್ನು ಅನುಕೂಲ ಎನ್ನುತ್ತಾರೆ. ನಾವು ಇದನ್ನು ಅಸ್ಪೃಶ್ಯತೆ ಎನ್ನುತ್ತೇವೆ.

ಖಾನಾಪುರ ತಾಲೂಕಿನ ಒಂದು ಕೇರಿಯಲ್ಲಿ ಮೊದಲ ಸಲ ಡಿಗ್ರಿ ಮುಗಿಸಿದವರು ನಾವು. ಕಾರ್ಡು ಓದಲು ಬಾರದ ಅಪ್ಪಂದಿರ ಮಕ್ಕಳು. ನಮ್ಮಲ್ಲೊಬ್ಬನಿಗೆ ನೌಕರಿಯ ಸಂದರ್ಶನದ ಕಾಗದ ಬಂತು. ಬಂದದ್ದು ಅಂಗಡಿಗೆ. ತಕ್ಕಡಿಯ ಕೆಳಗೆ ಕೂತುಬಿಟ್ಟಿತು. ಅವ್ವ ಎಣ್ಣಿ ತರಲು ಹೋದಾಗ ಅಂಗಡಿಯವರಿಗೆ ನೆನಪಾಯಿತು.

"ನಿಮ್ಮ ಹುಡುಗಂದೊಂದು ಲಕೋಟಿ ಐತಿ ನೋಡಬೇ."

"ಯಾವಾಗ ಬಂತ್ರೀ ಸಾವ್ಕಾರ್ರ?"

"ಹತ್ತ ಹನ್ನೆರಡ ದಿನ ಆಗಿರಬೇಕು. ಇಷ್ಟ ಕೆಲಸದಾಗ ಯಾರ ನೆನಪ ಇಟ್ಕೋತಾರ?"

ಸಂದರ್ಶನ ಮುಗಿದು ನಾಲ್ಕು ದಿನ ಆಗಿತ್ತು. ಅವ್ವ ಒಂದು ಮಾತೂ ಆಡಲಿಲ್ಲ. ಅಂಗಡಿಯಲ್ಲಿ ಉದ್ರಿ ಬಾಕಿ ಇತ್ತು.

ಆ ಸಾವ್ಕಾರರು ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಜಗಳ ತೆಗೆಯಬಹುದಿತ್ತು. ಅವರ ಮರೆವಿಗೆ ನಮ್ಮ ಬದುಕನ್ನು ಒಪ್ಪಿಸಿರುವ ವ್ಯವಸ್ಥೆಯ ಜೊತೆ ಜಗಳ ತೆಗೆಯಲು ಯಾವ ಕೌಂಟರಿನ ಮುಂದೆ ನಿಲ್ಲಬೇಕು?

ಇದು ಇವತ್ತಿನದಲ್ಲ. 1901ರಲ್ಲಿ ಸಾತಾರಾದಿಂದ ಗೋರೆಗಾಂವಕ್ಕೆ ಅಪ್ಪನನ್ನು ನೋಡಲು ಹೊರಟ ಹುಡುಗ ಭೀಮರಾವ್ ಮತ್ತು ಜೊತೆಯ ಮಕ್ಕಳು ತಾವು ಬರುವುದನ್ನು ಕಾಗದದಲ್ಲಿ ಮೊದಲೇ ತಿಳಿಸಿದ್ದರು. ಕಾಗದ ಅಪ್ಪನ ಜವಾನನ ಕೈ ಸೇರಿತು, ಅಪ್ಪನ ಕೈ ಸೇರಲಿಲ್ಲ. ಮಸೂರ ಸ್ಟೇಶನ್ನಿನಲ್ಲಿ ಇಳಿದ ಮಕ್ಕಳನ್ನು ಕರೆದೊಯ್ಯಲು ಯಾರೂ ಇರಲಿಲ್ಲ. ಮಹಾರರ ಮಕ್ಕಳು ಅಂತ ಗೊತ್ತಾದ ಮೇಲೆ ಗಾಡಿಯವರು ಒಲ್ಲೆ ಅಂದರು. ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿ ತಾವೇ ಹೊಡೆದು, ಕುಡಿಯಲು ನೀರಿಲ್ಲದೆ ಆ ರಾತ್ರಿ ಕಳೆದದ್ದನ್ನು ಬಾಬಾಸಾಹೇಬರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ನಾವೆಲ್ಲ ಅದನ್ನು ನೀರಿನ ಕಥೆಯಾಗಿ ಓದಿದೆವು. ಅದು ಮುಟ್ಟದ ಕಾಗದದ ಕಥೆಯೂ ಹೌದು.

ಈಗ ಪಿನ್ ಕೋಡಿಗೆ ಬರೋಣ. 1972ರ ಆಗಸ್ಟ್ 15ರಂದು ಅದು ಜಾರಿಗೆ ಬಂತು. ಯೋಜನೆ ಮಾಡಿದವರು ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ. ಸಂಸ್ಕೃತದ ಕವಿಯೂ ಹೌದು, ಇರಲಿ. ಒಂದೇ ಹೆಸರಿನ ಹತ್ತಾರು ಊರುಗಳು, ಹತ್ತಾರು ಭಾಷೆ, ಓದಲಾಗದ ಅಕ್ಷರ, ಇವುಗಳಿಂದ ಆಗುವ ಗೊಂದಲ ತಪ್ಪಿಸಲು ಆರು ಅಂಕಿ. ಮೊದಲ ಅಂಕಿ ವಲಯ. ನಮ್ಮದು 5, ಆಂಧ್ರ ತೆಲಂಗಾಣಗಳ ಜೊತೆ. ಮೊದಲ ಮೂರು ಸೇರಿದರೆ ಟಪಾಲು ವಿಂಗಡಿಸುವ ಜಿಲ್ಲೆ. ಕೊನೆಯ ಮೂರು ಟಪಾಲು ಹಂಚುವ ಕಚೇರಿ.

ಅಂಕಿಗೆ ಜಾತಿ ಇಲ್ಲ, ಭಾಷೆಯೂ ಇಲ್ಲ. ಇದನ್ನು ಬೆಳಗಾವಿಯವರಿಗಿಂತ ಚೆನ್ನಾಗಿ ಯಾರು ಬಲ್ಲರು? 1967ರ ಮಹಾಜನ ವರದಿಯಿಂದ ಇಲ್ಲಿಯವರೆಗೆ ಈ ಊರಿನಲ್ಲಿ ಬೋರ್ಡಿನ ಅಕ್ಷರಕ್ಕಾಗಿ ಎಷ್ಟು ಕಲ್ಲು ತೂರಾಡಿದವು! 2014ರ ನವೆಂಬರ್ 1ಕ್ಕೆ ಬೆಲ್ಗಾಮ್ ಹೋಗಿ ಬೆಳಗಾವಿ ಆಯಿತು. 590001 ಮಾತ್ರ ಕೂತಲ್ಲೇ ಕೂತಿತು. ಎರಡೂ ಕಡೆಯ ಹೋರಾಟಗಾರರನ್ನು ನಾವು ಒಂದು ಮಾತು ಕೇಳುತ್ತೇವೆ. ಕನ್ನಡದಲ್ಲಿ ನಮ್ಮ ಓಣಿ ಹೊಲಗೇರಿ, ಮರಾಠಿಯಲ್ಲಿ ಮಹಾರವಾಡಾ. ಲಕೋಟೆಯ ಮೇಲೆ ಯಾವ ಲಿಪಿಯಲ್ಲಿ ಬೈಗುಳ ಬರೆಸಿಕೊಂಡರೆ ನಿಮ್ಮ ಅಭಿಮಾನಕ್ಕೆ ಸಂತೋಷ? ಗಡಿಯಾಚೆಯ ಸರ್ಕಾರ 2020ರ ಡಿಸೆಂಬರಿನಲ್ಲಿ ಜಾತಿ ಹೆಸರಿನ ವಸತಿಗಳಿಗೆ ಬೇರೆ ಹೆಸರಿಡಲು ತೀರ್ಮಾನಿಸಿತು. ಈ ಒಂದು ವಿಷಯದಲ್ಲಿ ಮಹಾರಾಷ್ಟ್ರದ ಜೊತೆ ಪೈಪೋಟಿಗೆ ಬರುವ ಕನ್ನಡಿಗರು ನಮಗೆ ಬೇಕಾಗಿದ್ದಾರೆ.

ಅಂಕಿಗೆ ಜಾತಿ ಇಲ್ಲ ನಿಜ, ಅಂಕಿ ಕೂತ ಕಟ್ಟೆಗೆ ಇದೆ. ದೇಶದಲ್ಲಿ ಅಂಚೆ ಕಚೇರಿಗಳು 1 ಲಕ್ಷ 64 ಸಾವಿರದಷ್ಟು. ಪಿನ್ ಕೋಡುಗಳು 19 ಸಾವಿರ ಚಿಲ್ಲರೆ. ಅಂದರೆ ಹಳ್ಳಿಯ ಶಾಖಾ ಕಚೇರಿಗಳಿಗೆ ಸಾಮಾನ್ಯವಾಗಿ ಸ್ವಂತ ಅಂಕಿ ಇಲ್ಲ, ಮೇಲಿನ ಕಚೇರಿಯ ಅಂಕಿಯೇ ಗತಿ. ಶಾಖಾ ಕಚೇರಿ ನಡೆಸುವವನು ಜಾಗವನ್ನು ತಾನೇ ಒದಗಿಸಬೇಕು ಎಂಬುದು ಇಲಾಖೆಯ ಷರತ್ತು. ಹಳ್ಳಿಯಲ್ಲಿ ರಸ್ತೆಗೆ ಮುಖ ಮಾಡಿದ ಗಟ್ಟಿ ಪಡಸಾಲೆ ಇರುವುದು ಯಾರಿಗೆ? ನಮ್ಮ ಹುಡುಗನೊಬ್ಬ ಮೀಸಲಾತಿಯಲ್ಲಿ ಆಯ್ಕೆಯಾದನೆನ್ನಿ, ಊರೊಳಗೆ ಅವನಿಗೆ ಬಾಡಿಗೆಗೆ ಕೋಣೆ ಕೊಡುವವರು ಯಾರು? ಹೀಗೆ ಸರ್ಕಾರದ ಕೆಂಪು ಡಬ್ಬಿ ಗೌಡರ ಜಗಲಿಯ ಕಂಬಕ್ಕೆ ಜೋತುಬೀಳುತ್ತದೆ. ನಾವು ಕಾರ್ಡು ಹಾಕಲು ಹೋದರೆ ಚಪ್ಪಲಿ ಎಲ್ಲಿ ಬಿಡಬೇಕು ಎಂಬುದು ಇಲಾಖೆಯ ಯಾವ ಪುಸ್ತಕದಲ್ಲೂ ಇಲ್ಲ. ನಮಗೆ ಗೊತ್ತಿದೆ.

ಒಂದೊಂದು ಸಣ್ಣ ಜಾಗಕ್ಕೆ ಒಂದೊಂದು ಪಿನ್ ಕೊಡಲಾಗುತ್ತದೆಯೇ ಅಂತ ಕೇಳುವವರಿಗೆ ಪಟ್ಟಿ ಕೊಡುತ್ತೇವೆ. ರಾಷ್ಟ್ರಪತಿ ಭವನಕ್ಕೆ 110004. ಸುಪ್ರೀಂ ಕೋರ್ಟಿಗೆ 2013ರಲ್ಲಿ 110201. ಶಬರಿಮಲೆಯ ಸನ್ನಿಧಾನಕ್ಕೆ 689713, ಅದೂ ಯಾತ್ರೆಯ ಎರಡು ಮೂರು ತಿಂಗಳು ಮಾತ್ರ ಜೀವಂತ. ದೇವರಿಗೆ ಬರೆದ ಕಾಗದವೂ ಅಲ್ಲಿ ಬಟವಾಡೆಯಾಗುತ್ತದೆ. ಸೈನ್ಯಕ್ಕಂತೂ 9ರಿಂದ ಶುರುವಾಗುವ ವಲಯವೇ ಬೇರೆ. ಅದಕ್ಕೆ ನಮ್ಮ ತಕರಾರಿಲ್ಲ, ಸೈನ್ಯದಲ್ಲಿ ನಮ್ಮವರೇ ಇದ್ದಾರೆ. ಮಹಾರ್ ರೆಜಿಮೆಂಟಿನ ಮೊದಲ ಪಲ್ಟನ್ 1941ರಲ್ಲಿ ಕಟ್ಟಿದ್ದು ಇದೇ ಬೆಳಗಾವಿಯಲ್ಲಿ. ನಮ್ಮ ಕೇರಿಯಿಂದ ದಂಡಿಗೆ ಹೋದ ಅಣ್ಣನಿಗೆ ಬರೆದ ಕಾಗದ ಹಿಮದ ಮೇಲಿನ ಡೇರೆಗೆ ಮುಟ್ಟುತ್ತದೆ. ಅವನು ತನ್ನ ಅವ್ವನಿಗೆ ಬರೆದದ್ದು ಕಿರಾಣಿ ಅಂಗಡಿಯಲ್ಲಿ ಇಳಿಯುತ್ತದೆ.

ಇನ್ನು ಖಾನಾಪುರದ ಅಡವಿ. ತಾಲೂಕಿನ ಊರಿಗೆ 591302 ಇದೆ, ರೈಲಿದೆ. ಪಶ್ಚಿಮಕ್ಕೆ ಹೋದಂತೆ ಭೀಮಗಡದ ಕಾಡಿನೊಳಗೆ ಗವಾಳಿ, ಪಾಸ್ತೋಳಿ, ಕೊಂಗಳಾ, ಆಮಗಾಂವ, ಕೃಷ್ಣಾಪುರ. 2011ರಲ್ಲಿ ಇದು ವನ್ಯಧಾಮವಾಯಿತು. 2024ರ ಜುಲೈ ಮಳೆಯಲ್ಲಿ ಆಮಗಾಂವದವರು ಬೇನೆ ಬಿದ್ದ ಹೆಣ್ಣುಮಗಳೊಬ್ಬಳನ್ನು ಕಟ್ಟಿಗೆಗೆ ಕಟ್ಟಿ ಹೆಗಲ ಮೇಲೆ ಹೊತ್ತು ಕಾಡುದಾರಿ ನಡೆದದ್ದು ಪತ್ರಿಕೆಗಳಲ್ಲಿ ಬಂತು. ಅಂಬುಲೆನ್ಸ್ ಮುಟ್ಟದ ಊರಿಗೆ ಟಪಾಲು ಹೇಗೆ ಮುಟ್ಟೀತು? ಆದರೆ 2025ರ ಮೇ ತಿಂಗಳಲ್ಲಿ ತಳೇವಾಡಿಯ 27 ಕುಟುಂಬಗಳನ್ನು ಕಾಡಿನಿಂದ ಹೊರಗೆ ತರಲು ಮಂತ್ರಿಗಳೇ ಚೆಕ್ ಹಿಡಿದು ಬಂದರು. ಬಿಟ್ಟು ಹೋಗುವ ದಿನ ಆ ಊರಿನ ವಿಳಾಸ ಸರ್ಕಾರಕ್ಕೆ ಸರಿಯಾಗಿ ಸಿಕ್ಕಿತು. ಇದೇ ಜಿಲ್ಲೆಯ ಸಿದ್ದಿಗಳನ್ನು 2020ರಲ್ಲಿ ಪಾರ್ಲಿಮೆಂಟು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿತು. ಆ ಸರ್ಟಿಫಿಕೇಟಿನ ಮೇಲೆ ಬರುವ ಕಾಲೇಜಿನ ಸೀಟು, ಸ್ಕಾಲರ್‌ಶಿಪ್ಪು, ನೌಕರಿ ಎಲ್ಲದಕ್ಕೂ ತಾರೀಖಿದೆ. ಕಾಡಿನ ದಾರಿಗೆ ಆ ತಾರೀಖು ಗೊತ್ತಿಲ್ಲ.

"ಈಗ್ಯಾಕ್ರೀ ಪಿನ್ನು? ಡಿಜಿಪಿನ್ ಬಂದೈತಲ್ಲ" ಎನ್ನುತ್ತಾರೆ ಪೇಟೆಯ ಗೆಳೆಯರು. ಬಂದಿದೆ. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಇಡೀ ದೇಶವನ್ನು ಸುಮಾರು ನಾಲ್ಕು ಮೀಟರಿನ ಚೌಕಗಳಾಗಿ ಕತ್ತರಿಸಿ ಒಂದೊಂದಕ್ಕೂ ಹತ್ತು ಅಕ್ಷರದ ಗುರುತು ಕೊಟ್ಟಿತು. ನಮ್ಮ ಗುಡಿಸಲಿಗೂ ಗುರುತಿದೆ, ಗುಡಿಸಲ ಹಿಂದಿನ ತಿಪ್ಪೆಗೂ ಇದೆ. ನಮ್ಮ ಸೂರು ಎಲ್ಲಿದೆ ಅನ್ನುವುದು ಊರಿಗೆ ಯಾವತ್ತೂ ಗೊತ್ತಿತ್ತು, ಗೊತ್ತಿದ್ದೇ ದೂರ ಇಟ್ಟರು. ಪಿನ್ ಅಂದರೆ ಅದರ ಹಿಂದೆ ಒಂದು ಕಚೇರಿ, ಬಟವಾಡೆ ಮಾಡಲೇಬೇಕಾದ ಒಬ್ಬ ನೌಕರ, ಮಾಡದಿದ್ದರೆ ಉತ್ತರ ಕೊಡಬೇಕಾದ ಒಬ್ಬ ಮೇಲಧಿಕಾರಿ. ಚೌಕ ಯಾರ ಮನೆ ಬಾಗಿಲನ್ನೂ ತಟ್ಟುವುದಿಲ್ಲ.

ಇನ್ನೊಂದು ಮಾತನ್ನು ನಮ್ಮೊಳಗೇ ಆಡಬೇಕಿದೆ. ಕೇರಿಗೇ ಬೇರೆ ಅಂಕಿ ಕೊಟ್ಟರೆ ನಾಳೆ ಆ ಅಂಕಿಯೇ ಜಾತಿಯ ಹೆಸರಾಗುವುದಿಲ್ಲವೇ? ಅರ್ಜಿಯ ಕೊನೆಯ ಮೂರು ಅಂಕಿ ನೋಡಿಯೇ ನೌಕರಿ ಕೊಡುವವನು ಮೂಗು ಮುರಿಯುವುದಿಲ್ಲವೇ? ಖಂಡಿತ ಆಗುತ್ತದೆ. ಈ ಭಯ ಇಟ್ಟುಕೊಂಡೇ ನಾವು ರಾತ್ರಿಗಟ್ಟಲೆ ವಾದ ಮಾಡಿದ್ದೇವೆ. ಅದಕ್ಕೇ ನಮ್ಮ ಬೇಡಿಕೆ ಹೀಗಿದೆ. ಕಾಡಿನ ಹಳ್ಳಿಗಳಿಗೆ, ಸಿದ್ದಿಗಳ ಮತ್ತು ಧನಗರ ಗೌಳಿಗರ ವಾಡಿಗಳಿಗೆ ದೂರದ ಕಾರಣಕ್ಕೆ ಅವರದೇ ಬಟವಾಡೆ ಕಚೇರಿ, ಅವರದೇ ಪಿನ್ ಬೇಕು. ಊರು ಕೇರಿ ಒಂದೇ ಕಡೆ ಇರುವಲ್ಲಿ ಅಂಕಿಯೂ ಒಂದೇ ಇರಲಿ, ಕಚೇರಿ ಕೇರಿಯಲ್ಲಿರಲಿ. ಜಾಗ ಇಲಾಖೆಯೇ ಕಟ್ಟಲಿ. ಗೌಡರು, ಸಾವ್ಕಾರರು ಮನಿಯಾರ್ಡರಿಗೆ ಸಹಿ ಹಾಕಲು ಒಮ್ಮೆ ನಮ್ಮ ಓಣಿಗೆ ಬರಲಿ. ನಾವು ಚಪ್ಪಲಿ ಬಿಡಿಸುವುದಿಲ್ಲ. ಕುಡಿಯಲು ನೀರೂ ಕೊಡುತ್ತೇವೆ.

ಹಳ್ಳಿಯ ಸಾಲಿಯಲ್ಲಿ ಕಲಿಸುವ ಗೆಳೆಯರೇ, ನಿಮ್ಮ ಊರಿನ ಟಪಾಲು ಯಾರ ಕಟ್ಟೆಯ ಮೇಲೆ ಇಳಿಯುತ್ತದೆ, ಕೇರಿಗೆ ಎಷ್ಟನೇ ದಿನಕ್ಕೆ ಮುಟ್ಟುತ್ತದೆ, ಮುದ್ರೆಯ ತಾರೀಖು ನೋಡಿ ಬರೆದಿಡಿ. 2025ರಲ್ಲಿ ರಿಜಿಸ್ಟರ್ ಪೋಸ್ಟು ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ, ಆದ್ದರಿಂದ ಸಹಿ ಯಾರು ಹಾಕಿದರು ಎಂಬುದನ್ನೂ ಕೇಳಿ ಬರೆಯಿರಿ. ಆ ಲೆಕ್ಕ ಹಿಡಿದು ಬೆಳಗಾವಿಯ ಅಂಚೆ ಅಧೀಕ್ಷಕರ ಬಾಗಿಲಿಗೆ ನಾವೇ ಹೋಗುತ್ತೇವೆ. ಅರ್ಜಿಯನ್ನು ಟಪಾಲಿನಲ್ಲಿ ಹಾಕುವ ಧೈರ್ಯ ಸದ್ಯಕ್ಕೆ ನಮಗಿಲ್ಲ.