ಮುಖವಾಡ ಇರುವುದು ಯಾರ ಕಣ್ಣಿನಲ್ಲಿ?

ಊರಿನ ಕಣ್ಣಿಗೆ ಸೋಮಾರಿ ಶ್ರೀಮಂತ, ಗುಟ್ಟಾಗಿ ಜೀವ ಉಳಿಸುವ ವೀರ. ಈ ಬಗೆಯ ಕಥೆ ನಮಗೆಲ್ಲ ಗೊತ್ತು. 1939ರಲ್ಲಿ ಬಂದ ಬ್ಯಾಟ್‌ಮ್ಯಾನ್ ಹೀಗೆಯೇ, 1919ರಲ್ಲಿ ಬಂದ ಜೋರೋ ಕೂಡ ಹೀಗೆಯೇ. ಇವರಿಬ್ಬರಿಗೂ ಹಿರಿಯಣ್ಣನಂಥವನು ಸರ್ ಪರ್ಸಿ ಬ್ಲೇಕ್ನಿ. ಬ್ಯಾರನೆಸ್ ಆರ್ಟ್ಸಿ ಎಂಬ ಲೇಖಕಿಯ ‘ದಿ ಸ್ಕಾರ್ಲೆಟ್ ಪಿಂಪರ್ನೆಲ್’ ಕಥೆಯ ನಾಯಕ ಇವನು. ಈ ಕಥೆ 1903ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ನಾಟಕವಾಗಿ ರಂಗಕ್ಕೆ ಬಂತು, 1905ರಲ್ಲಿ ಕಾದಂಬರಿಯಾಗಿ ಹೊರಬಂತು. ಸಾಹಸವೂ ಇದೆ, ಪ್ರೇಮವೂ ಇದೆ. ಆದರೆ ಈ ಪುಸ್ತಕವನ್ನು ನಾವು ಬೇರೊಂದು ಕಾರಣಕ್ಕೆ ಓದಬೇಕು ಎನ್ನುವುದು ನನ್ನ ಅಭಿಪ್ರಾಯ.

ಕಥೆ ನಡೆಯುವುದು 1792ರಲ್ಲಿ. ಫ್ರಾನ್ಸಿನಲ್ಲಿ ಮಹಾಕ್ರಾಂತಿ. ಗಿಲೊಟಿನ್‌ಗೆ ಗುರಿಯಾದ ಶ್ರೀಮಂತ ಕುಟುಂಬಗಳನ್ನು ಒಬ್ಬ ಅಜ್ಞಾತ ಇಂಗ್ಲಿಷ್‌ನವನು ಪ್ಯಾರಿಸ್ಸಿನಿಂದ ಪಾರು ಮಾಡುತ್ತಿದ್ದಾನೆ. ಅವನ ಗುರುತು ರಸ್ತೆ ಬದಿಯ ಒಂದು ಪುಟ್ಟ ಕೆಂಪು ಹೂ. ಲಂಡನ್ನಿನಲ್ಲಿ ಅವನೇ ಪರ್ಸಿ. ಬಟ್ಟೆ, ಬೂಟು, ಪಾರ್ಟಿ ಬಿಟ್ಟರೆ ಬೇರೇನೂ ತಿಳಿಯದ ಪೆದ್ದನಂತೆ ನಟಿಸುತ್ತಾನೆ. ಅವನ ಹೆಂಡತಿ ಮಾರ್ಗರೀಟ್‌ಗೂ ಸತ್ಯ ಗೊತ್ತಿಲ್ಲ. ಫ್ರೆಂಚ್ ಗೂಢಚಾರ ಶೋವಲಾಂ ಅವಳ ಅಣ್ಣನ ಜೀವವನ್ನು ಒತ್ತೆಯಿಟ್ಟು, ಆ ವೀರ ಯಾರೆಂದು ಪತ್ತೆ ಮಾಡಿಕೊಡು ಎಂದು ಅವಳನ್ನೇ ಹೆದರಿಸುತ್ತಾನೆ.

ಪರ್ಸಿ ಹಾಕುವ ಎರಡು ವೇಷಗಳನ್ನು ಗಮನಿಸಿ. ಮೊದಲನೆಯದರಲ್ಲಿ ಅವನು ಗಾಡಿ ಹೊಡೆಯುವ ಕುರೂಪಿ ಮುದುಕಿ. ಮೊಮ್ಮಗನಿಗೆ ಸಿಡುಬು, ಪ್ಲೇಗೂ ಇರಬಹುದು ಎಂದ ಕೂಡಲೇ ಕಾವಲಿನ ಸಾರ್ಜೆಂಟ್ ಹಿಂದೆ ಸರಿದು ದಾರಿ ಬಿಡುತ್ತಾನೆ. ಗಾಡಿಯೊಳಗೆ ಅಡಗಿದ್ದ ಕುಟುಂಬ ಪಾರಾಗುತ್ತದೆ. ಎರಡನೆಯದು ಕಥೆಯ ಕೊನೆಯಲ್ಲಿ ಬರುವ ಬಡ ಯಹೂದಿ ಮುದುಕನ ವೇಷ. ಶೋವಲಾಂ ಬುದ್ಧಿವಂತ, ಹದ್ದಿನ ಕಣ್ಣಿನವನು. ಆದರೂ ಯಹೂದಿ ಎಂದರೆ ಅವನಿಗೆ ಹೇಸಿಗೆ. ದೂರ ನಿಲ್ಲು ಎನ್ನುತ್ತಾನೆ, ಕೊನೆಗೆ ಸಿಪಾಯಿಗಳಿಂದ ಹೊಡೆಸುತ್ತಾನೆ, ಆದರೆ ಮುಖವನ್ನು ಮಾತ್ರ ಸರಿಯಾಗಿ ನೋಡುವುದಿಲ್ಲ. ತಾನು ಊರೂರು ಹುಡುಕುತ್ತಿದ್ದ ಮನುಷ್ಯ ಕೈಗೆಟಕುವಷ್ಟು ಹತ್ತಿರದಲ್ಲೇ ಇದ್ದ.

ಹಾಗಾದರೆ ಪರ್ಸಿಯನ್ನು ಉಳಿಸಿದ್ದು ಬಣ್ಣವೋ, ವಿಗ್ಗೋ? ನನ್ನ ಪ್ರಕಾರ ಎರಡೂ ಅಲ್ಲ. ಎದುರಿನವನ ತಿರಸ್ಕಾರವೇ ಅವನನ್ನು ಉಳಿಸಿತು. ನಾವು ಯಾರನ್ನು ಕೀಳಾಗಿ ಕಾಣುತ್ತೇವೋ ಅವರ ಮುಖ ನೋಡುವುದನ್ನೇ ಬಿಟ್ಟುಬಿಡುತ್ತೇವೆ. ಪರ್ಸಿಗೆ ಮನುಷ್ಯರ ಈ ದೌರ್ಬಲ್ಯ ಚೆನ್ನಾಗಿ ಗೊತ್ತಿತ್ತು.

ಉರ್ದು ಓದುವ ಮನೆಗಳಲ್ಲಿ ಈ ಗುಟ್ಟು ಹೊಸದಲ್ಲ. ನಮ್ಮ ದಾದಾ ಇಂದಿಗೂ ಇಬ್ನೆ ಸಫಿಯ ಕಾದಂಬರಿಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. 1955ರಲ್ಲಿ ಶುರುವಾದ ಇಮ್ರಾನ್ ಸರಣಿಯ ನಾಯಕ ಅಲಿ ಇಮ್ರಾನ್ ಎಲ್ಲರ ಎದುರು ಪೆದ್ದ. ಗುಟ್ಟಾಗಿ ಅವನೇ ಗೂಢಚಾರ ಪಡೆಯ ಮುಖ್ಯಸ್ಥ ಎಕ್ಸ್-ಟು. ಅವನ ಕೈಕೆಳಗೆ ಕೆಲಸ ಮಾಡುವವರೂ ಅವನನ್ನು ನೋಡಿ ನಗುತ್ತಾರೆ. ಮಹಾಭಾರತದಲ್ಲಿ ಅರ್ಜುನ ಬೃಹನ್ನಳೆಯಾಗಿ ವಿರಾಟನ ಅರಮನೆಯಲ್ಲಿ ಒಂದು ವರ್ಷ ಕಳೆದದ್ದೂ ಹೀಗೆಯೇ ಅಲ್ಲವೇ? ನಾಟ್ಯ ಕಲಿಸುವ ಆಳನ್ನು ಯಾರು ತಾನೇ ದಿಟ್ಟಿಸಿ ನೋಡುತ್ತಾರೆ?

ಹಾಗೆಂದು ಪುಸ್ತಕವನ್ನು ಪೂರ್ತಿ ಒಪ್ಪಿಕೊಳ್ಳಬೇಕಿಲ್ಲ. ವಾಣಿಜ್ಯ ವಿಭಾಗದವರಿಗೆ ಜಮಾ-ಖರ್ಚು ಎರಡೂ ಕಡೆ ನೋಡುವ ಅಭ್ಯಾಸ. ಈ ಕಾದಂಬರಿ ಒಂದೇ ಕಡೆಯನ್ನು ಬರೆಯುತ್ತದೆ. ತಲೆ ಕಳೆದುಕೊಳ್ಳುವ ಶ್ರೀಮಂತರ ಕಣ್ಣೀರು ಇದೆ, ರೊಟ್ಟಿಯಿಲ್ಲದೆ 1789ರಲ್ಲಿ ವರ್ಸೇಲ್ಸ್ ಅರಮನೆಗೆ ನಡೆದುಹೋದ ಹೆಂಗಸರ ಹಸಿವು ಇಲ್ಲ. ತೆರಿಗೆಯ ಭಾರವೆಲ್ಲ ಬಡವರ ಮೇಲೆ, ವಿನಾಯಿತಿಯೆಲ್ಲ ದೊಡ್ಡವರಿಗೆ ಎಂಬ ಲೆಕ್ಕವೂ ಇಲ್ಲ. ಗಿಲೊಟಿನ್ ದಿನವಿಡೀ ಕೆಲಸ ಮಾಡುವ ದೃಶ್ಯವನ್ನು ಲೇಖಕಿ 1792ರ ಸೆಪ್ಟೆಂಬರ್‌ಗೆ ತಂದಿದ್ದಾರೆ. ಆ ತಿಂಗಳು ಪ್ಯಾರಿಸ್ಸಿನ ಜೈಲುಗಳಲ್ಲಿ ಭೀಕರ ಕೊಲೆಗಳಾದದ್ದು ನಿಜ, ಆದರೆ ಗಿಲೊಟಿನ್‌ನ ಅಟ್ಟಹಾಸ ನಡೆದದ್ದು 1793-94ರಲ್ಲಿ. ಆರ್ಟ್ಸಿ ಹಂಗೇರಿಯ ಜಮೀನ್ದಾರಿ ಮನೆತನದವರು. ರೈತರ ದಂಗೆಯ ಭಯದಿಂದ ಅವರ ಕುಟುಂಬ ಜಮೀನು ಬಿಟ್ಟು ಹೊರಟಾಗ ಅವರು ಪುಟ್ಟ ಮಗು. ಅವರ ಕಥೆ ಯಾರ ಪಕ್ಷ ಹಿಡಿಯುತ್ತದೆ ಎಂಬುದಕ್ಕೆ ಕಾರಣ ಅಲ್ಲಿರಬಹುದು.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಶೋವಲಾಂನ ಪೂರ್ವಗ್ರಹವನ್ನು ತೋರಿಸುವ ಲೇಖಕಿ ಯಹೂದಿಯನ್ನು ತಾವೂ ಬರೀ ಕೊಳಕು ವೇಷವಾಗಿಯೇ ಚಿತ್ರಿಸಿದ್ದಾರೆ. ವೇಷ ಕಳಚಿದಾಗ ಒಳಗಿರುವವನು ಒಬ್ಬ ಇಂಗ್ಲಿಷ್ ಸಾಹೇಬ. ನಿಜವಾಗಿಯೂ ಬಡವನಾಗಿ, ಯಹೂದಿಯಾಗಿ ಹುಟ್ಟಿ ದಿನವೂ ಆ ಮಾತು, ಆ ಏಟು ತಿನ್ನುವವನಿಗೆ ಕಳಚಿಡಲು ವೇಷವೇ ಇಲ್ಲವಲ್ಲ! ಅವನ ಕಥೆಯನ್ನು ಈ ಪುಸ್ತಕ ಹೇಳುವುದಿಲ್ಲ.

ಗೆಳೆಯ ಗೆಳತಿಯರೇ, ಇದು ನಮಗೆ ದೂರದ ಮಾತಲ್ಲ. ನನ್ನ ಹೆಸರು ಕೇಳಿದ ತಕ್ಷಣ “ಕನ್ನಡ ಬರುತ್ತಾ?” ಎಂದು ಕೇಳುವವರು ಬಸ್ಸಿನಲ್ಲಿದ್ದಾರೆ, ಅಂಗಡಿಯಲ್ಲಿದ್ದಾರೆ. ಟೋಪಿ, ಗಡ್ಡ, ಬುರ್ಖಾ ಕಂಡ ಕೂಡಲೇ ಒಳಗಿನ ಮನುಷ್ಯ ಹೇಗೆ ಎಂದು ತೀರ್ಮಾನ ಮಾಡಿಬಿಡುವವರೂ ಇದ್ದಾರೆ. ಅದು ನೋಯಿಸುತ್ತದೆ. ಆದರೆ ನೊಂದವರು ಎಂಬ ಕಾರಣಕ್ಕೆ ನಾವು ಬೇರೆಯವರನ್ನು ಸರಿಯಾಗಿಯೇ ನೋಡುತ್ತೇವೆ ಎನ್ನುವ ಹಾಗಿಲ್ಲ. ಪರ್ಸಿ ನಮ್ಮ ಕಾಲೇಜಿಗೆ ಬಂದರೆ ಯಾವ ವೇಷ ಹಾಕುತ್ತಿದ್ದ, ಯೋಚಿಸಿ. ಪ್ರಾಂಶುಪಾಲರ ವೇಷ ಖಂಡಿತ ಅಲ್ಲ. ಬೆಳಿಗ್ಗೆ ನಾವು ಬರುವ ಮೊದಲೇ ಬೆಂಚು ಒರೆಸಿ ಹೋಗುವ ಆಯಾಳ ವೇಷ ಹಾಕುತ್ತಿದ್ದ. ಇಲ್ಲವೇ, ಮುಂಜಾನೆ ತರಕಾರಿ ಗಾಡಿ ತಳ್ಳಿ ಬಂದು ತರಗತಿಯಲ್ಲಿ ತೂಕಡಿಸುವ, ನಾವೆಲ್ಲ ‘ದಡ್ಡ’ ಎಂದು ಕರೆಯುವ ಕೊನೆಯ ಬೆಂಚಿನ ಹುಡುಗನ ವೇಷ. ಎರಡರಲ್ಲೂ ಅವನು ನಮಗೆ ಸಿಕ್ಕಿಬೀಳುತ್ತಿರಲಿಲ್ಲ.

ಪರ್ಸಿ ಕೂಡ ಇದಕ್ಕೆ ಹೊರತಲ್ಲ. ಮಾರ್ಗರೀಟ್‌ಳ ಮಾತಿನಿಂದ ಒಂದು ಕುಟುಂಬ ಗಿಲೊಟಿನ್‌ಗೆ ಹೋಯಿತೆಂಬ ಸುದ್ದಿಯನ್ನು ಅವನು ಮೊದಲು ಕೇಳಿದ್ದು ಹೊರಗಿನವರ ಬಾಯಿಂದ. ಅವಳು ಸ್ವಾಭಿಮಾನದಿಂದ ವಿವರಣೆ ಕೊಡಲಿಲ್ಲ, ಅವನು ವಿವರಣೆಯಿಲ್ಲದೆ ನಂಬಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಅಪರಿಚಿತರಾದರು. ಇಡೀ ಪ್ಯಾರಿಸ್ಸಿನ ಕಣ್ಣಿಗೆ ಮಣ್ಣೆರಚಿದ ಜಾಣನಿಗೆ ಪಕ್ಕದಲ್ಲೇ ಇದ್ದವಳ ಮನಸ್ಸು ಕಾಣಲಿಲ್ಲ. ಕತ್ತಿಗಿಂತ, ಕುದುರೆಗಿಂತ ಈ ಭಾಗವೇ ನನಗೆ ಹೆಚ್ಚು ಹಿಡಿಸಿತು.

ರಜೆಯಲ್ಲಿ ಪುಸ್ತಕ ಓದಿ. ನನ್ನ ಮಾತು ಒಪ್ಪದಿದ್ದರೆ ಮುಂದಿನ ಸಂಚಿಕೆಯಲ್ಲಿ ಬರೆಯಿರಿ. ಅದಕ್ಕೂ ಮೊದಲು ಒಂದು ಸಣ್ಣ ಕೆಲಸವಿದೆ. ನಮ್ಮ ತರಗತಿ ಗುಡಿಸುವ ಆ ತಾಯಿಯ ಹೆಸರೇನು ಎಂದು ನಾಳೆ ಬೆಳಿಗ್ಗೆ ಕೇಳೋಣ.