ತುಟಿ ಕೂಡಿತು, ಮೂಗೇಕೆ ಓರೆ?

ಸೀಳುತುಟಿಯ ಮಗುವಿಗೆ ಶಸ್ತ್ರಚಿಕಿತ್ಸೆಯಾಗಿ, ತುಟಿ ಕೂಡಿಕೊಂಡು, ಹೊಲಿಗೆಯ ಗೆರೆ ಮಾಸುತ್ತ ಬಂದ ಮೇಲೆ ಮನೆಯವರ ಕಣ್ಣು ಮೂಗಿನ ಕಡೆಗೆ ಹೊರಳುತ್ತದೆ. ಒಂದು ಹೊಳ್ಳೆ ಚಪ್ಪಟೆ. ತುದಿ ಒಂದು ಬದಿಗೆ ವಾಲಿದೆ. ಮಗುವಿಗೆ ಏಳೆಂಟು ವರ್ಷವಾಗುವ ವೇಳೆಗೆ ಈ ಓರೆ ಇನ್ನಷ್ಟು ಎದ್ದು ಕಾಣುವುದೂ ಉಂಟು. “ಡಾಕ್ಟರು ಸರಿಯಾಗಿ ಹೊಲಿಯಲಿಲ್ಲ” ಎಂದು ಒಬ್ಬರು, “ಹುಟ್ಟುವಾಗಲೇ ಮೂಗಿನ ಮೂಳೆ ಸೊಟ್ಟ” ಎಂದು ಇನ್ನೊಬ್ಬರು ತೀರ್ಪು ಕೊಟ್ಟುಬಿಡುತ್ತಾರೆ. ಎರಡು ತೀರ್ಪುಗಳೂ ಬಹುಮಟ್ಟಿಗೆ ತಪ್ಪು.

ವಾಚಕರು ತಮ್ಮ ಮೂಗನ್ನೇ ಒಮ್ಮೆ ಬೆರಳಿನಿಂದ ಒತ್ತಿ ನೋಡಿಕೊಳ್ಳಲಿ. ಕನ್ನಡಕ ಕೂರುವ ಸ್ಥಳದಲ್ಲಿ ಮಾತ್ರ ಗಟ್ಟಿಯಾದ ಮೂಳೆ ಸಿಕ್ಕುತ್ತದೆ. ಅವು ಪಕ್ಕಪಕ್ಕದಲ್ಲಿ ಕೂಡಿಕೊಂಡಿರುವ ಎರಡು ಪುಟ್ಟ ಮೂಳೆಗಳು. ಅಲ್ಲಿಂದ ಕೆಳಗೆ, ಬಾಗಿದರೂ ಮುರಿಯದ ಮೃದ್ವಸ್ಥಿಯದೇ ರಾಜ್ಯ. ಹೊಳ್ಳೆಗಳ ಕಮಾನು, ತುದಿ, ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗ ಎಲ್ಲವೂ ಅದರಿಂದಲೇ ಆದವು. ಈ ಕಟ್ಟಡವೆಲ್ಲ ನಿಂತಿರುವುದು ಮೇಲ್ದವಡೆಯೆಂಬ ಅಡಿಪಾಯದ ಮೇಲೆ. ಸೀಳು ತುಟಿಯನ್ನು ದಾಟಿ ವಸಡಿಗೂ ಅಂಗುಳಕ್ಕೂ ಹಬ್ಬಿದಾಗ ಆ ಅಡಿಪಾಯದಲ್ಲಿಯೇ ಒಂದು ಬದಿಗೆ ಹಳ್ಳ ಬೀಳುತ್ತದೆ. ತಳಪಾಯ ಕುಸಿದ ಮನೆಯ ಗೋಡೆ ವಾಲಿದರೆ ಇಟ್ಟಿಗೆಯನ್ನು ದೂರಿ ಫಲವೇನು?

ಇದಕ್ಕೆ ಸ್ನಾಯುಗಳ ಎಳೆತವೂ ಸೇರುತ್ತದೆ. ಬಾಯಿಯ ಸುತ್ತ ಉಂಗುರದಂತೆ ಹಬ್ಬಬೇಕಾದ ಸ್ನಾಯು ಸೀಳಿನಿಂದ ತುಂಡಾಗಿ, ಒಂದು ತುದಿ ಹೊಳ್ಳೆಯ ಬುಡಕ್ಕೂ ಮತ್ತೊಂದು ತುದಿ ನಡುಗೋಡೆಯ ಬುಡಕ್ಕೂ ಅಂಟಿಕೊಂಡಿರುತ್ತದೆ. ಹಗ್ಗಜಗ್ಗಾಟದಂತೆ ಒಂದು ಹೊಳ್ಳೆಯನ್ನು ಕೆನ್ನೆಯ ಕಡೆಗೂ ಮತ್ತೊಂದು ನಡುಗೋಡೆಯ ಮುಂತುದಿಯನ್ನು ಸೀಳಿಲ್ಲದ ಬದಿಗೂ ಸೆಳೆಯುತ್ತದೆ. ಆ ಗೋಡೆಯ ಹಿಂಭಾಗವಾದರೋ ಸೀಳಿನ ಬದಿಗೆ ಉಬ್ಬಿ, ಉಸಿರಿನ ದಾರಿಯನ್ನು ಕಿರಿದು ಮಾಡುತ್ತದೆ. ಮಗು ಬಾಯಿ ತೆರೆದುಕೊಂಡೇ ನಿದ್ರಿಸುವುದಕ್ಕೆ ಇದೂ ಒಂದು ಕಾರಣ. ಮೇಲಿನ ಎರಡು ಮೂಳೆಗಳು ಬೆಳೆಯುತ್ತ ಬೆಳೆಯುತ್ತ ತಾವೂ ಸ್ವಲ್ಪ ಓರೆಯಾಗಬಹುದು. ಆದರೆ ಅವು ಹಿಂಬಾಲಕರೇ ಹೊರತು ಮುಂದಾಳುಗಳಲ್ಲ. ಸೀಳು ಎರಡು ಕಡೆಯೂ ಇದ್ದರೆ ಮೂಗು ಓರೆಯಾಗುವುದು ಕಡಿಮೆ. ಹೊಳ್ಳೆಗಳ ನಡುವಿನ ಕಂಬ ಗಿಡ್ಡವಾಗಿ ತುದಿ ತುಟಿಗೆ ಅಂಟಿದಂತೆ ಅಗಲವಾಗಿ ಕಾಣುತ್ತದೆ.

ಜಗತ್ತಿನಲ್ಲಿ ಸುಮಾರು 700 ಹಸುಳೆಗಳಲ್ಲಿ ಒಂದಕ್ಕೆ ಈ ನ್ಯೂನತೆ ಉಂಟು. ಎಡಬದಿಯ ಸೀಳೇ ಹೆಚ್ಚು. ಗ್ರಹಣದ ದಿನ ಈಳಿಗೆಮಣೆಯ ಮುಂದೆ ಕುಳಿತಳೆಂದು ಬಾಣಂತಿಯನ್ನು ಹಳಿಯುವ ಹಿರಿಯರು ಇಂದಿಗೂ ಇದ್ದಾರೆ. ತುಟಿ ಕೂಡುವುದು ಗರ್ಭದ ಆರು ಏಳನೆಯ ವಾರದಲ್ಲಿ. ಅಂಗುಳ ಮುಚ್ಚುವುದು ಹನ್ನೆರಡನೆಯ ವಾರದ ಹೊತ್ತಿಗೆ. ಹೊಟ್ಟೆ ಕಾಣಿಸಿಕೊಂಡು, ನೆರೆಹೊರೆಯವರಿಗೆ ಬಸಿರಿನ ಸುದ್ದಿ ತಿಳಿಯುವ ಮುನ್ನವೇ ಎಲ್ಲವೂ ತೀರ್ಮಾನವಾಗಿರುತ್ತದೆ. ಆರನೆಯ ವಾರದಲ್ಲಿಯೇ ಗ್ರಹಣ ಬಂದಿದ್ದರೂ ನೆರಳಿಗೆ ತುಟಿ ಸೀಳುವ ಶಕ್ತಿಯಿಲ್ಲ. ವಂಶವಾಹಿಗಳು, ತಂಬಾಕಿನ ಹೊಗೆ, ಅಪಸ್ಮಾರದ ಕೆಲವು ಔಷಧಿಗಳು ಕಾರಣಗಳ ಸಾಲಿನಲ್ಲಿವೆ. ಎಷ್ಟೋ ಸಲ ಇದೇ ಕಾರಣವೆಂದು ಬೊಟ್ಟುಮಾಡಲು ಬಾರದು. ಔಷಧಿಯನ್ನು ಮಾತ್ರ ಬಸುರಿಯರು ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳತಕ್ಕದ್ದು.

ಹಾಗಾದರೆ ತುಟಿಯೊಡನೆ ಮೂಗನ್ನೂ ಒಂದೇ ಸಲ ನೆಟ್ಟಗೆ ಮಾಡಿಬಿಡಬಾರದೆ? ಮೂರರಿಂದ ಆರು ತಿಂಗಳೊಳಗೆ ತುಟಿಯನ್ನು ಕೂಡಿಸುವಾಗ ಹೊಳ್ಳೆಯ ಮೃದ್ವಸ್ಥಿಯನ್ನೂ ಒಂದಿಷ್ಟು ಎತ್ತಿ ಕೂರಿಸುವ ಪದ್ಧತಿ ಇಂದು ಬಳಕೆಯಲ್ಲಿದೆ. ಅದಕ್ಕಿಂತ ಹೆಚ್ಚಾಗಿ ಕೈಯಾಡಿಸಲು ವೈದ್ಯರು ಹಿಂಜರಿಯುತ್ತಾರೆ. ಎಳೆಯ ನಡುಗೋಡೆಯನ್ನು ಬಹಳವಾಗಿ ಕತ್ತರಿಸಿದರೆ ಮೂಗಿನ ಬೆಳವಣಿಗೆಯೇ ಕುಂಠಿತವಾದೀತೆಂಬ ಭಯ. ಶಸ್ತ್ರದ ಗಾಯ ಬೆಳವಣಿಗೆಯನ್ನು ತಡೆಯುವ ಬಗೆಯನ್ನು ಇಂಗ್ಲೆಂಡಿನ ದಂತವೈದ್ಯ ಮೈಕೆಲ್ ಮಾರ್ಸ್ 1980ರ ದಶಕದಲ್ಲಿ ಶ್ರೀಲಂಕೆಯಲ್ಲಿ ಅಭ್ಯಸಿಸಿದರು. ಸೀಳಿಗೆ ಚಿಕಿತ್ಸೆಯೇ ಇಲ್ಲದೆ ದೊಡ್ಡವರಾದವರ ಮೇಲ್ದವಡೆ ಚೆನ್ನಾಗಿಯೇ ಮುಂದಕ್ಕೆ ಬೆಳೆದಿತ್ತು! ಎಳವೆಯಲ್ಲಿ ಶಸ್ತ್ರಚಿಕಿತ್ಸೆ ಪಡೆದವರಲ್ಲಿ ದವಡೆ ಹಿಂದೆ ಉಳಿಯುವುದಕ್ಕೆ ಗಾಯದ ಕಲೆಯೇ ಬಹುಪಾಲು ಕಾರಣವೆಂದು ಇದರಿಂದ ತಿಳಿಯಿತು. ಆದರೆ ಚಿಕಿತ್ಸೆ ಬೇಡವೆಂದು ಇದರ ಅರ್ಥವಲ್ಲ. ಅಂಗುಳವನ್ನು ಒಂದು, ಒಂದೂವರೆ ವರ್ಷದೊಳಗೆ ಮುಚ್ಚದಿದ್ದರೆ ಗಾಳಿ ಮೂಗಿಗೆ ನುಗ್ಗಿ, “ಅಮ್ಮ” ಎನ್ನುವ ಮಗು “ಅಪ್ಪ” ಎನ್ನಲಾರದು.

ಇಲ್ಲಿಂದ ಮುಂದಿನ ಮೆಟ್ಟಿಲನ್ನೇ ಅನೇಕ ಸಂಸಾರಗಳು ತಪ್ಪಿಸಿಕೊಳ್ಳುತ್ತವೆ. ತುಟಿ ಕೂಡಿತು, ಮಾತು ಬಂತು, ಮಗು ಶಾಲೆಗೆ ಹೋಗುತ್ತಿದೆ. ಆಸ್ಪತ್ರೆಯ ನೆನಪು ಯಾರಿಗೆ ಬೇಕು? ಆದರೆ ವಸಡಿನ ಮೂಳೆಯ ಹಳ್ಳ ಹಾಗೆಯೇ ಇರುತ್ತದೆ. ಸಾಮಾನ್ಯವಾಗಿ 8ರಿಂದ 11 ವರ್ಷದೊಳಗೆ, ಆ ಬದಿಯ ಕೋರೆಹಲ್ಲು ಇಳಿಯುವ ಮುನ್ನ, ಮಗುವಿನ ಸೊಂಟದ ಮೂಳೆಯಿಂದಲೇ ಒಂದಿಷ್ಟು ತಿರುಳನ್ನು ತೆಗೆದು ಹಳ್ಳವನ್ನು ತುಂಬುತ್ತಾರೆ. ಕೋರೆಹಲ್ಲು ಈ ಹೊಸ ಮೂಳೆಯೊಳಗಿನಿಂದ ಇಳಿದು ಅದನ್ನು ಉಳಿಸಿಕೊಳ್ಳುತ್ತದೆ. ಹೊಳ್ಳೆಯ ಬುಡಕ್ಕೂ ಆಗ ಒಂದು ಆಸರೆ ದೊರೆಯುತ್ತದೆ. ಹಲ್ಲು ಇಳಿದ ಮೇಲೆಯೂ ಈ ಕೆಲಸ ಸಾಧ್ಯ. ಆದರೆ ಫಲ ಅಷ್ಟು ಚೆನ್ನಾಗಿರದು. ಈ ವಯಸ್ಸಿನ ಮಕ್ಕಳಿರುವ ತಾಯಿತಂದೆಗಳು ಮೂಗಿನ ಚಿಂತೆಯನ್ನು ಬದಿಗಿಟ್ಟು ಮೊದಲು ಈ ಮೂಳೆಯನ್ನು ವಿಚಾರಿಸುವುದು ಮೇಲು.

ಮೂಗನ್ನು ಸರಿಪಡಿಸುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. 1792ರ ಯುದ್ಧದಲ್ಲಿ ಟೀಪೂ ಸುಲ್ತಾನನ ಸೈನ್ಯಕ್ಕೆ ಸೆರೆಸಿಕ್ಕು ಮೂಗನ್ನು ಕಳೆದುಕೊಂಡಿದ್ದ ಕಾವಸ್‌ಜಿ ಎಂಬ ಎತ್ತಿನ ಬಂಡಿಯವನಿಗೆ ಪುಣೆಯ ಬಳಿಯ ಕುಶಲಿಯೊಬ್ಬ ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾದ ಆ ವೃತ್ತಾಂತ ಯೂರೋಪಿನ ವೈದ್ಯರನ್ನು ಬೆರಗುಗೊಳಿಸಿತು. ಆದರೆ ಕಾವಸ್‌ಜಿಗೆ ಬೇಕಾಗಿದ್ದುದು ಮೇಲಿನ ಹೊದಿಕೆ. ಸೀಳಿನ ಮಗುವಿಗೆ ಹೊದಿಕೆ ಹುಟ್ಟಿನಿಂದಲೇ ಬಂದಿದೆ. ಬೇಕಾದುದು ಕೆಳಗಿನ ನೆಲ.

ಕೊನೆಯ ಚಿಕಿತ್ಸೆ ಮುಖದ ಬೆಳವಣಿಗೆ ನಿಂತ ಮೇಲೆ: ಹುಡುಗಿಯರಿಗೆ ಸುಮಾರು 15–16, ಹುಡುಗರಿಗೆ 17–18 ವರ್ಷ. ಮೇಲ್ದವಡೆ ತೀರ ಹಿಂದೆ ಉಳಿದಿದ್ದರೆ ಅದನ್ನು ಮುಂದಕ್ಕೆ ತಂದ ಮೇಲೆಯೇ ಮೂಗಿಗೆ ಕೈಹಾಕುವುದು. ಆಗ ನಡುಗೋಡೆಯನ್ನು ನೇರಮಾಡಿ, ಕಿವಿಯಿಂದಲೋ ಪಕ್ಕೆಲುಬಿನಿಂದಲೋ ತೆಗೆದ ಮೃದ್ವಸ್ಥಿಯಿಂದ ತುದಿಗೆ ಆಧಾರ ಕೊಟ್ಟು, ಬೇಕಾದರೆ ಮೇಲಿನ ಮೂಳೆಗಳನ್ನೂ ಬಿಡಿಸಿ ಕೂರಿಸುತ್ತಾರೆ. ಮಗಳ ಮದುವೆಯ ಯೋಚನೆಯಿಂದ ಹದಿಮೂರರಲ್ಲಿಯೇ ಒತ್ತಾಯಿಸಿದರೆ ಇನ್ನೊಮ್ಮೆ ಮೇಜಿನ ಮೇಲೆ ಮಲಗಿಸಬೇಕಾದೀತು. ಖರ್ಚಿಗೆ ಅಂಜಿ ಹಿಂದೆಗೆಯುವವರಿಗೆ ಒಂದು ಮಾತು: 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗುಳ ಎರಡೂ ಇವೆ. ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆಗೂ ಚಿಕಿತ್ಸೆಗೂ ಅದರಲ್ಲಿ ಹಣ ತೆರಬೇಕಾಗಿಲ್ಲ. ವಿಚಾರಿಸಬೇಕಾದ ಸ್ಥಳ, ಅಂಗನವಾಡಿ ಅಥವಾ ಸರಕಾರಿ ಆಸ್ಪತ್ರೆ.