ಮಾತಿಗೆ ಅಂಜುವ ಉದ್ಯೋಗಸ್ಥರೂ ನಮ್ಮೂರ ತಾಳಮದ್ದಲೆಯೂ

ಕಚೇರಿಗಳಲ್ಲಿ ನಾಲ್ಕು ಜನರೆದುರು ನಿಂತು ವಿಷಯ ಮಂಡಿಸುವುದನ್ನು ಕಲಿಸಲು ಈಗ ದೂರದ ನಗರಗಳಿಂದ ತರಬೇತುದಾರರು ಬರುತ್ತಾರೆ. ಕೈಯನ್ನು ಹೇಗೆ ಆಡಿಸಬೇಕು, ಯಾರ ಕಣ್ಣನ್ನು ನೋಡಬೇಕು, ತೆರೆಯ ಮೇಲೆ ಎಷ್ಟು ಸಾಲುಗಳಿರಬೇಕು ಎಂಬುದನ್ನೆಲ್ಲ ಎರಡು ದಿನಗಳಲ್ಲಿ ಹೇಳಿ ಹೋಗುತ್ತಾರೆ. ಇವೆಲ್ಲ ಬೇಡವೆಂದು ನಾನು ಹೇಳಲಾರೆ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಪರಿಸರದಲ್ಲಿ ಬೆಳೆದವರು ಮಾತಿನ ವಿದ್ಯೆಗಾಗಿ ಇಷ್ಟು ದೂರ ನೋಡಬೇಕಾಗಿ ಬಂದಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದುದ್ದಕ್ಕೂ ನಮ್ಮಲ್ಲಿ ತಾಳಮದ್ದಲೆಗಳು ನಡೆಯುತ್ತವೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡಿದರೆ ಅರ್ಥಧಾರಿ ಕುಳಿತಲ್ಲಿಂದಲೇ ಅದನ್ನು ಮಾತಾಗಿ ಬೆಳೆಸಬೇಕು. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ‘ವಾಲಿವಧೆ’ಯಲ್ಲಿ ಬಾಣ ತಗಲಿ ಬಿದ್ದ ವಾಲಿ ಏನು ಕೇಳುತ್ತಾನೆಂಬುದು ರಾಮನ ಪಾತ್ರಧಾರಿಗೆ ಮೊದಲೇ ಪೂರ್ತಿಯಾಗಿ ತಿಳಿದಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ವಾಲಿಯಾಗಿ ಕುಳಿತರೆ ಎದುರಿನವರಿಗೆ ಕಂಠಪಾಠ ಪ್ರಯೋಜನಕ್ಕೆ ಬರುತ್ತಿರಲಿಲ್ಲ. ಕೇಳಿದ ಪ್ರಶ್ನೆಗೇ ಉತ್ತರ ಕೊಡಬೇಕು. ಕೊಡಬೇಕಾದರೆ ಮೊದಲು ಕಿವಿಗೊಟ್ಟು ಕೇಳಬೇಕು. ಇಂದಿನ ತರಬೇತಿಗಳಲ್ಲಿ ನನಗೆ ಕಾಣದಿರುವುದು ಈ ಕೇಳುವ ಪಾಠವೇ. ತೆರೆಯ ಮೇಲಿನ ಸಾಲುಗಳನ್ನು ಸುಲಲಿತವಾಗಿ ಒಪ್ಪಿಸಿದ ಯುವಕನು ಮೇಲಧಿಕಾರಿಯ ಮೊದಲ ಪ್ರಶ್ನೆಗೇ ತಡವರಿಸುತ್ತಾನೆ. ಅವನಿಗೆ ವಿಷಯ ತಿಳಿಯದೆ ಅಲ್ಲ, ಸಂವಾದದ ಅಭ್ಯಾಸವಿಲ್ಲದೆ.

ಕುಂಬಳೆ ಸುಂದರ ರಾವ್ ಅವರನ್ನು ನೋಡಿ. ಪ್ರಾಸಬದ್ಧ ಮಾತಿಗೆ ಹೆಸರಾದ ಅವರು 1994ರಲ್ಲಿ ಸುರತ್ಕಲ್ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು, 2022ರಲ್ಲಿ ತೀರಿಕೊಂಡರು. ರಂಗಸ್ಥಳದಲ್ಲಿ ಪಳಗಿದ ಮಾತು ಶಾಸನಸಭೆಯವರೆಗೆ ಹೋಯಿತು.

ಇದು ಬರಿಯ ಕಲಾಭಿಮಾನದ ಮಾತಲ್ಲ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳೊಡನೆ ವಿಲೀನವಾದವು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತ ನಮ್ಮ ಮಕ್ಕಳು ಇಂದು ಅಪರಿಚಿತರೆದುರು ಮೂರನೆಯ, ನಾಲ್ಕನೆಯ ಭಾಷೆಯಲ್ಲಿ ತಮ್ಮ ಕೆಲಸವನ್ನು ವಿವರಿಸಬೇಕಾಗಿದೆ. ವರ್ಷವಿಡೀ ಲೆಕ್ಕ ಬರೆದವಳು ಸಭೆಯಲ್ಲಿ ಮೌನವಾಗಿದ್ದು, ಅದನ್ನು ಓದಿ ಹೇಳಿದವನಿಗೆ ಬಡ್ತಿ ದೊರೆತ ಸಂಗತಿಯನ್ನು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದಲೇ ಕೇಳಿದ್ದೇನೆ. ಭಾಷೆಯನ್ನು ಬದಲಿಸಿಕೊಳ್ಳಬಹುದು, ಆಲೋಚನೆಯನ್ನು ಕ್ರಮವಾಗಿ ಜೋಡಿಸುವ ಶಕ್ತಿ ಮೊದಲು ತನ್ನ ನುಡಿಯಲ್ಲೇ ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ತಾಳಮದ್ದಲೆಯಲ್ಲಿ ದೋಷಗಳಿಲ್ಲವೆಂದಲ್ಲ. ವಿತಂಡವಾದವುಂಟು, ಎದುರಿನವರನ್ನು ಕೆಣಕಿ ಚಪ್ಪಾಳೆ ಗಿಟ್ಟಿಸುವ ಚಪಲವುಂಟು, ಪೀಠಿಕೆಯನ್ನೇ ಮುಕ್ಕಾಲು ಗಂಟೆ ಎಳೆಯುವವರೂ ಉಂಟು. (ಅಂಥವರನ್ನು ಕಚೇರಿಯ ಸಭೆಗಳಲ್ಲಿಯೂ ಕಂಡಿದ್ದೀರಿ!) ಆದರೆ ಅಲ್ಲಿ ಭಾಗವತರೆಂಬವರೊಬ್ಬರಿರುತ್ತಾರೆ. ಮುಂದಿನ ಪದ್ಯ ಎತ್ತುವ ಅಧಿಕಾರ ಅವರದು. ಪದ್ಯ ಬಂತೆಂದರೆ ಎಂಥ ವಾಗ್ಮಿಯೂ ನಿಲ್ಲಿಸಬೇಕು. ಕಚೇರಿಯ ಸಭೆಗಳಿಗೂ ಅಂಥವರೊಬ್ಬರು ಬೇಕು.

ಶಾಲೆಗಳಲ್ಲಿ ಈಗ ಯಕ್ಷಗಾನ ಕಲಿಸುತ್ತಾರೆ, ಸಂತೋಷ. ಆದರೆ ಹೆಚ್ಚಾಗಿ ಹೆಜ್ಜೆಗೆ ಮಹತ್ತ್ವ ಕೊಟ್ಟು, ಮಾತನ್ನು ಬರೆದುಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ಅದರ ಬದಲು ಎಂಟನೆಯ ತರಗತಿಯ ಇಬ್ಬರನ್ನು ಕೂರಿಸಿ, ಒಬ್ಬಳಿಗೆ ಕೃಷ್ಣನ ಪಕ್ಷವನ್ನೂ ಇನ್ನೊಬ್ಬನಿಗೆ ಕೌರವನ ಪಕ್ಷವನ್ನೂ ಕೊಟ್ಟು ಹತ್ತು ನಿಮಿಷ ಬಿಟ್ಟುನೋಡಬಾರದೇ? ‘ಕೃಷ್ಣಸಂಧಾನ’ ಐದು ಊರುಗಳ ಬೇಡಿಕೆಯನ್ನು ಸಭೆಯ ಮುಂದಿಡುವ ಪ್ರಸಂಗವಲ್ಲವೇ? ಹೆಣ್ಣುಮಕ್ಕಳ ತಾಳಮದ್ದಲೆ ಕೂಟಗಳೂ ಇಂದು ನಮ್ಮಲ್ಲಿವೆ. ಅವರನ್ನೇ ಶಾಲೆಗೆ ಕರೆಸಬಹುದು. ಇದಕ್ಕೆ ಬೇಕಾದುದು ಒಂದು ಚಾಪೆ, ಒಂದು ಪ್ರಸಂಗದ ಪುಸ್ತಕ, ಶನಿವಾರದ ಒಂದು ಅವಧಿ.